ಪಟ್ಟಿಗೆ ಎಷ್ಟು ಎಳೆದರೂ ಕ್ಷೌರದ ಕತ್ತಿ ಮೊಂಡಾಗ್ತಿದೆ, ಯಾಕೆ?

ಮುಂಜಾನೆ_ನೊರೆ:
ಕತ್ತಿ 5/8 ಇಂಚು ಅಗಲದ್ದು, ಜರ್ಮನಿಯ ಸೋಲಿಂಗನ್ ಮಾಲು, ಫುಲ್ ಹಾಲೋ, ಅಂದ್ರೆ ಅಲಗಿನ ಎರಡೂ ಬದಿ ಒಳಕ್ಕೆ ತೋಡಿ ತೆಳ್ಳಗೆ ಮಾಡಿದ್ದು. ತಿಳಿದವರ ಹತ್ರಾನೇ ಕಲ್ಲಿಗೆ ಹಾಕಿಸಿದ್ದು. ಮೊದಮೊದಲು ಕೆನ್ನೆ ಮೇಲೆ ಓಡೋದೇ ತಿಳೀತಿರಲಿಲ್ಲ. ಈಗ ಗದ್ದದ ಹತ್ರ ಕಚ್ಚಿ ಎಳೀತಿದೆ, ಮೇಲ್ತುಟಿಗೆ ಬಂದ್ರೆ ಕಣ್ಣಲ್ಲಿ ನೀರು. ದಿನಾ ಚರ್ಮದ ಪಟ್ಟಿಗೆ 40 ಸಲ ಎಳೀತೀನಿ. ಪಟ್ಟಿ 2 ಇಂಚು ಅಗಲ, ಬಾಗಿಲ ಚಿಲಕಕ್ಕೆ ನೇತುಹಾಕಿದೆ. ಎಳೆದಷ್ಟೂ ಮೊಂಡಾಗ್ತಿದೆ ಅನ್ಸುತ್ತೆ. ಮಸೆಯೋ ಹಸಿರು ಪೇಸ್ಟ್ ಹಚ್ಚಲಾ, ಕಲ್ಲಿಗೆ ಹಾಕಲಾ, ಪಟ್ಟೀನೇ ಬದಲಿಸಲಾ?

ಗಡ್ಡಪ್ಪ:
ಗಡ್ಡ ಬಿಡಿ ಸಾರ್. ಖರ್ಚೂ ಇಲ್ಲ, ಕಣ್ಣೀರೂ ಇಲ್ಲ.

ಸಾಣೆಕಲ್ಲು:
ಸದ್ಯಕ್ಕೆ ಮೂರೂ ಬೇಡ. ಪಟ್ಟಿ ಎಷ್ಟು ಬಿಗಿ ನಿಲ್ಲುತ್ತೆ ಅನ್ನೋದನ್ನ ಮೊದಲು ನೋಡಿ. ಚಿಲಕಕ್ಕೆ ಕಟ್ಟಿದ್ರೆ ಬಾಗಿಲೂ ಅಲ್ಲಾಡುತ್ತೆ, ಎಡಗೈಯೂ ಸೋಲುತ್ತೆ. ಪಟ್ಟಿ ನಡುವೆ ಜೋತುಬಿದ್ದರೆ ಚರ್ಮ ಕತ್ತಿಯ ಬಾಯಿಯನ್ನ (ಹರಿತದ ಅಂಚನ್ನ) ಸುತ್ತಿಕೊಂಡು ಮೇಲೇಳುತ್ತೆ. ಬೆವೆಲ್ (ಬಾಯಿಗೆ ಇಳಿಯೋ ಸಣ್ಣ ಇಳಿಜಾರು) ಪೂರ್ತಿ ಚಪ್ಪಟೆಯಾಗಿ ಉಜ್ಜೋ ಬದಲು ತುತ್ತತುದಿ ಮಾತ್ರ ಉಜ್ಜಿ ದುಂಡಗಾಗುತ್ತೆ. 40 ಸಲ ಎಳೆದರೆ 40 ಸಲ ದುಂಡಗೆ ಮಾಡಿದ ಹಾಗಾಯ್ತು.

ಗೋಡೆಗೆ ಒಂದು ಗಟ್ಟಿ ಕೊಕ್ಕೆ ಹೊಡೆಸಿ, ಸೊಂಟಕ್ಕಿಂತ ತುಸು ಮೇಲೆ. ಎಡಗೈಲಿ ಪಟ್ಟಿ ಬಿಗಿ ಹಿಡಿದು, ಕತ್ತೀನ ಮಲಗಿಸುವಾಗ ಬೆನ್ನು ಮೊದಲು ತಾಗಲಿ, ಆಮೇಲೆ ಬಾಯಿ. ಕೊಕ್ಕೆ ಕಡೆ ಹೋಗುವಾಗ ಬೆನ್ನು ಮುಂದೆ, ಬಾಯಿ ನಿಮ್ಮ ಕಡೆ. ಆ ತುದಿ ಮುಟ್ಟಿದ ಮೇಲೆ ಪೂರ್ತಿ ನಿಲ್ಲಿಸಿ. ನಿಂತ ಮೇಲೆ ಬೆನ್ನು ಪಟ್ಟಿ ಬಿಡದ ಹಾಗೆ ಅದರ ಮೇಲೇ ಉರುಳಿಸಿ, ವಾಪಸ್ ಬನ್ನಿ. ಉರುಳಿಸೋ ಕೆಲಸ ಹೆಬ್ಬೆರಳು ತೋರುಬೆರಳಿನದ್ದು, ಮಣಿಕಟ್ಟಿನದ್ದಲ್ಲ. ಮಣಿಕಟ್ಟು ತಿರುಗಿದರೆ ಬೆನ್ನು ಏಳುತ್ತೆ, ಬೆನ್ನು ಎದ್ದರೆ ಆವತ್ತಿನ ಹರಿತ ಅಲ್ಲಿಗೆ ಮುಗೀತು. ಒತ್ತೋದು ಬೇಡ, ಕತ್ತಿಯ ಭಾರವೇ ಸಾಕು.

ಮೊದಮೊದಲು ನಿಧಾನ ಮಾಡಿ. ಸಿನಿಮಾದಲ್ಲಿ ಟಪಟಪ ಅಂತ ಮಾಡ್ತಾರಲ್ಲ, ಹಾಗೆ ಮಾಡಿದ್ರೆ ಪಟ್ಟಿ ಹರಿಯುತ್ತೆ.

ಹುಬ್ಬಳ್ಳಿ_ಹರಿತ:
ಇಷ್ಟ ಉದ್ದ ಭಾಷಣ ಯಾಕ್ರಿ? ಹಸಿರು ಪೇಸ್ಟ್ ಹಚ್ಚಿ ಹತ್ತು ಸಲ ಎಳೀರಿ, ನಾಳೆ ಮುಂಜಾನೆ ಸರಿ ಹೋಗ್ತದ.

ಸಾಣೆಕಲ್ಲು:
ನಾಳೆ ಮುಂಜಾನೆ ಸರಿ ಹೋಗ್ತದ್ರೀ, ಮುಂದಿನ ತಿಂಗಳು? ನೇತಾಡೋ ಚರ್ಮಕ್ಕೆ ಒಮ್ಮೆ ಪೇಸ್ಟ್ ಹಚ್ಚಿದ್ರೆ ಅದು ಆಮೇಲೆ ಪೂರ್ತಿ ಹೋಗೋದಿಲ್ಲ. ದಿನಾ ಎಳೆಯೋ ಪಟ್ಟಿ ದಿನಾ ಉಕ್ಕು ತಿನ್ನೋಕೆ ಶುರು ಮಾಡುತ್ತೆ, ಅದೂ ಬಾಗಿದ ಮೇಲ್ಮೈಯಲ್ಲಿ.

ಹುಬ್ಬಳ್ಳಿ_ಹರಿತ:
ನೇತಾಡೋ ಪಟ್ಟಿಗಿ ಹಚ್ಚು ಅಂತ ನಾ ಎಲ್ಲಿ ಹೇಳೇನಿ? ಹಲಗಿ ಮ್ಯಾಲ ಅಂಟಿಸಿದ ಚರ್ಮಕ್ಕ, ಇಲ್ಲಂದ್ರ ಬಾಲ್ಸಾ ಅನ್ನೋ ಹಗುರ ಮೆತ್ತನ್ನ ಕಟಿಗಿ ತುಂಡಿಗೆ. ಅಳತಿ ಕೇಳ್ರಿ: 3 ಇಂಚು ಅಗಲ, 12 ಇಂಚು ಉದ್ದ. ಗಾಜಿನ ಮ್ಯಾಲ 400 ನಂಬರಿನ ಮರಳು ಕಾಗದ ಇಟ್ಟು ಬಾಲ್ಸಾ ಉಜ್ಜಿ ಸಪಾಟ ಮಾಡ್ರಿ. ಕ್ರೋಮಿಯಂ ಆಕ್ಸೈಡ್ ಪುಡಿ, 0.5 ಮೈಕ್ರಾನ್ (ಮೈಕ್ರಾನ್ ಅಂದ್ರ ಮಿ.ಮೀ.ದಾಗ ಸಾವಿರದ ಒಂದು ಪಾಲು), ಚಿಟಿಕಿ ಹಾಕಿ ಬೆರಳಿಲೆ ತಿಕ್ಕ್ರಿ. ಮ್ಯಾಲ ಹಸಿರು ಬಣ್ಣ ತೆಳ್ಳಗ ಕಂಡ್ರ ಸಾಕು. ದಪ್ಪ ಬಳದ್ರ ಕತ್ತಿ ಅದರಾಗ ಮುಳುಗಿ ಬಾಯಿ ದುಂಡಗ ಆಗ್ತದ. ತಿಂಗಳಿಗೊಮ್ಮಿ 10 ಸಲ, ಅಷ್ಟ.

ಇನ್ನೊಂದು. ಹಾರ್ಡ್‌ವೇರ್ ಅಂಗಡ್ಯಾಗ ಸಿಗೋ ಹಸಿರು ಬಾರ್ ಅದಲ್ಲ. ಅದು ಲೋಹ ಪಾಲಿಶ್ ಮಾಡೋ ಬಫಿಂಗ್ ಬಾರ್. ಅದರಾಗ ಅಲ್ಯೂಮಿನಿಯಂ ಆಕ್ಸೈಡ್ ಬೆರಕಿ ಇರ್ತದ, ಕಣ ಒಂದೇ ಅಳತಿ ಇರಂಗಿಲ್ಲ. ಅಡಗಿಮನಿ ಚಾಕುಕ್ಕ ನಡೀತದ, ಮಾರಿಗೆ ಬ್ಯಾಡ.

ಕರಾವಳಿ_ಕಿಟ್ಟ:
ಇದು ಸರಿಯಾದ ಮಾತು ಮಾರಾಯ್ರೆ. ಪೇಸ್ಟ್ ಹಾಕಿದ ಹಲಗೆಯಿಂದ ಎದ್ದ ಕತ್ತಿಯನ್ನು ಒರೆಸದೆ ಸೀದಾ ಶುದ್ಧ ಚರ್ಮಕ್ಕೆ ತಂದರೆ ಆ ಚರ್ಮವೂ ಹಾಳು. ನಡುವೆ ಟಿಶ್ಯೂ ಕಾಗದದಲ್ಲಿ ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಒರೆಸಿ. ಅಡ್ಡಕ್ಕೆ ಎಳೆದರೆ ಕಾಗದ ಮಾತ್ರ ಅಲ್ಲ, ಬೆರಳೂ ಹೋಗ್ತದೆ.

ಉಕ್ಕಿನ_ಹುಚ್ಚು:
ಚರ್ಮ ಏನು ಮಾಡುತ್ತೆ ಅನ್ನೋದರಲ್ಲೇ ಎಲ್ಲರಿಗೂ ಗೊಂದಲ. ಪಟ್ಟಿ ಹರಿತ ‘ಕೊಡೋದಿಲ್ಲ’, ಇರೋ ಹರಿತ ಉಳಿಸುತ್ತೆ. ಒಳ್ಳೆ ಕತ್ತಿಯ ಬಾಯಿ ಅರ್ಧ ಮೈಕ್ರಾನ್ ಆಸುಪಾಸಿನ ದಪ್ಪ. ಕೂದಲು 50ರಿಂದ 100 ಮೈಕ್ರಾನ್. ಇಷ್ಟು ತೆಳ್ಳಗಿನ ಉಕ್ಕು ಒಂದು ಕ್ಷೌರದಲ್ಲಿ ಅಲ್ಲಲ್ಲಿ ಬಾಗುತ್ತೆ, ತೇವಕ್ಕೆ ಕಣ್ಣಿಗೆ ಕಾಣದ ತುಕ್ಕು ಹಿಡಿಯುತ್ತೆ. ಪಟ್ಟಿ ಆ ಬಾಗಿದ್ದನ್ನ ನೆಟ್ಟಗೆ ಮಾಡಿ ಕೊಳೆ ತೆಗೆಯುತ್ತೆ. ಮುರಿದು ಹೋದದ್ದನ್ನ ತಂದುಕೊಡೋಕೆ ಅದರಿಂದ ಆಗಲ್ಲ.

ಕೂದಲು ಉಕ್ಕಿಗಿಂತ ಸುಮಾರು 50 ಪಟ್ಟು ಮೆದು, ಆದರೂ ಉಕ್ಕು ಯಾಕೆ ಹೋಗುತ್ತೆ ಅಂತ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಸೂಕ್ಷ್ಮದರ್ಶಕದಡಿ ನೋಡಿ 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದಿದ್ದಾರೆ. ಸವೆತಕ್ಕಿಂತ ಮುಕ್ಕು ಹೋಗೋದೇ ದೊಡ್ಡ ಕಾರಣ. ಉಕ್ಕಿನ ಒಳರಚನೆ ಎಲ್ಲ ಕಡೆ ಒಂದೇ ಸಮ ಇಲ್ಲದ ಜಾಗದಲ್ಲಿ, ಕೂದಲು ಒಂದು ಕೋನದಲ್ಲಿ ಬಾಗಿ ಒತ್ತಿದಾಗ ಚೂರು ಎದ್ದುಬರುತ್ತೆ. ಅವರು ನೋಡಿದ್ದು ಬಿಸಾಕೋ ರೇಜರಿನ ಬ್ಲೇಡು, ಆದ್ರೆ ಗಡ್ಡವನ್ನ ಚೆನ್ನಾಗಿ ನೆನೆಸಬೇಕು, ಕತ್ತೀನ 30 ಡಿಗ್ರಿಗಿಂತ ಮೇಲೆ ಎತ್ತಬಾರದು ಅನ್ನೋ ಹಳೇ ಬುದ್ಧಿಮಾತಿಗೆ ಅದು ಚೆನ್ನಾಗಿ ಹೊಂದುತ್ತೆ.

ಮುಂಜಾನೆ_ನೊರೆ:
ಸರಿ, ನನ್ನ ಕತ್ತಿ ಬಾಗಿದೆಯೋ ಮುಕ್ಕಾಗಿದೆಯೋ ಅಂತ ಹೇಗೆ ತಿಳಿಯೋದು? ಭೂತಗನ್ನಡಿ 10 ಪಟ್ಟಿನದ್ದಿದೆ, ಏನೂ ಕಾಣ್ತಿಲ್ಲ.

ಸಾಣೆಕಲ್ಲು:
ಕಣ್ಣೇ ಸಾಕು, ಬೆಳಕು ಸರಿ ಇರಬೇಕು. ಒಂದೇ ಬಲ್ಬಿನ ಕೆಳಗೆ ನಿಂತು, ಕತ್ತಿಯ ಬಾಯಿ ಸೀದಾ ನಿಮ್ಮ ಕಣ್ಣಿಗೆ ಎದುರಾಗಿ ಮೇಲ್ಮುಖ ಹಿಡೀರಿ. ನಿಧಾನಕ್ಕೆ ಹಿಂದೆ ಮುಂದೆ ಓಲಾಡಿಸಿ. ಹರಿತ ಇರೋ ಕಡೆ ಬರೀ ಕಪ್ಪು, ಬೆಳಕು ಬಿದ್ದು ವಾಪಸ್ ಬರೋಕೆ ಜಾಗವೇ ಇರಲ್ಲ. ಮೊಂಡಾದ ಕಡೆ ಸಣ್ಣ ಬಿಳಿ ಗೆರೆ. ಮುಕ್ಕು ಇದ್ರೆ ಗೆರೆ ಬದಲು ಚುಕ್ಕೆ ಮಿನುಗುತ್ತೆ. ಬುಡದಿಂದ ಮೊನೆವರೆಗೂ ನೋಡಿ, ಒಂದು ಜಾಗ ನೋಡಿ ಬಿಡಬೇಡಿ.

ಗಡ್ಡಪ್ಪ:
ಕೂದಲು ಪರೀಕ್ಷೆ ಸುಲಭ ಅಲ್ವಾ? ಒಂದು ಕೂದಲು ಇಳಿಬಿಟ್ಟು ಮುಟ್ಟಿಸಿ, ಬಿದ್ರೆ ಪಾಸು.

ಉಕ್ಕಿನ_ಹುಚ್ಚು:
ಯಾರ ಕೂದಲು? ತೆಳು ಕೂದಲಿಗೆ ಫೇಲಾಗೋ ಕತ್ತಿ ದಪ್ಪ ಕೂದಲಿಗೆ ಪಾಸಾಗುತ್ತೆ. ಬುಡದ ಕಡೆ ಹಿಡಿದರೆ ಒಂದು ಫಲಿತಾಂಶ, ತುದಿ ಕಡೆ ಹಿಡಿದರೆ ಇನ್ನೊಂದು, ಯಾಕಂದ್ರೆ ಕೂದಲಿನ ಮೇಲಿನ ಪದರದ ಹೊಪ್ಪಳಿಕೆ ಒಂದೇ ದಿಕ್ಕಿಗೆ ಇರುತ್ತೆ. ಒಬ್ಬರೇ, ಒಂದೇ ತಲೆಯ ಕೂದಲು, ತೊಳೆದು ಒಣಗಿಸಿ, ಒಂದೇ ತರ ಹಿಡಿದರೆ ಹೋಲಿಸಬಹುದು. ಇಲ್ಲಾಂದ್ರೆ ಅದು ಮದುವೆ ಮನೆ ಮ್ಯಾಜಿಕ್ಕು.

ಹುಬ್ಬಳ್ಳಿ_ಹರಿತ:
ಮುಂಗೈ ಕೂದಲು ನೋಡ್ರಿ. ಚರ್ಮದಿಂದ ಕಾಲಿಂಚು ಮ್ಯಾಲ ಕತ್ತಿ ಹಿಡಿದು ಸವರಿದ್ರ ಕೂದಲು ತಾನಾಗೇ ಬೀಳಬೇಕು, ಬುಡ ನಡು ಮೊನಿ ಮೂರೂ ಕಡೆ. ಉಗುರಿನ ಮ್ಯಾಲ ಎಳೆದು ನೋಡೋರು ಬಾಳ ಮಂದಿ ಇದ್ದಾರ. ಶುರುವಿನ ಒರಟು 1000 ನಂಬರ್ ಕಲ್ಲಿನ ಹಂತದಾಗ ಅದು ಪರವಾಗಿಲ್ಲ. ತಯಾರಾದ ಬಾಯಿಯನ್ನ ಉಗುರಿಗಿ ಎಳದ್ರ ತಿರುಗಿ ಕಲ್ಲಿಗೇ ಹೋಗಬೇಕು.

ಮುಂಜಾನೆ_ನೊರೆ:
ಬಲ್ಬಿನ ಕೆಳಗೆ ನೋಡಿದೆ. ಬುಡದಿಂದ ಮುಕ್ಕಾಲು ಭಾಗ ಕಪ್ಪು, ಮೊನೆ ಕಡೆ ಒಂದಿಂಚಿಗೆ ಸ್ವಲ್ಪ ಕಡಿಮೆ ಉದ್ದದ ಬಿಳಿ ಗೆರೆ. ಚುಕ್ಕೆ ಇಲ್ಲ.

ಕರಾವಳಿ_ಕಿಟ್ಟ:
ಸಿಕ್ಕಿತು ನೋಡಿ. ಅಲಗಿನ ಉದ್ದ ಹತ್ತಿರ ಹತ್ತಿರ 3 ಇಂಚು, ನಿಮ್ಮ ಪಟ್ಟಿ 2 ಇಂಚು. ನೇರಕ್ಕೆ ಎಳೆದರೆ ಆ ಕೊನೆಯ ಇಂಚು ಪಟ್ಟಿಯ ಹೊರಗೆ ಗಾಳಿಯಲ್ಲೇ ಉಂಟು. ಮತ್ತೆ ಗದ್ದ, ಮೇಲ್ತುಟಿ ಯಾವುದರಲ್ಲಿ ಮಾಡುವುದು? ಮೊನೆಯಲ್ಲೇ ಅಲ್ವಾ! ಕೆನ್ನೆಗೆ ನಡುಭಾಗ ಸಾಕಾಗ್ತದೆ, ಅದಕ್ಕೇ ಅಲ್ಲಿ ತೊಂದರೆ ಇಲ್ಲ. ಪಟ್ಟಿ ಜೋತುಬಿದ್ದದ್ದೇ ಕಾರಣ ಆಗಿದ್ದರೆ ಬಿಳಿ ಗೆರೆ ಉದ್ದಕ್ಕೂ ಇರಬೇಕಿತ್ತು.

ಸಾಣೆಕಲ್ಲು:
ಒಪ್ಪಿದೆ, ಇಲ್ಲಿ ಬಿಗಿಗಿಂತ ಅಗಲದ್ದೇ ತಕರಾರು. ಆದ್ರೂ ಕೊಕ್ಕೆ ಗೋಡೆಗೇ ಹೊಡೆಸಿ.

ಎಳೆಯೋದನ್ನ ಓರೆ ಮಾಡಿ. ಶುರುವಿನಲ್ಲಿ ಬುಡ ಪಟ್ಟಿ ಮೇಲಿರಲಿ. ಕೊಕ್ಕೆ ಕಡೆ ಹೋಗ್ತಾ ಹೋಗ್ತಾ ಕತ್ತೀನ ಹಿಡಿಯ ಕಡೆಗೆ ಜಾರಿಸಿ, ಆ ತುದಿ ಮುಟ್ಟುವಾಗ ಮೊನೆ ಪಟ್ಟಿ ಮೇಲಿರಬೇಕು. ಉರುಳಿಸಿ, ಮತ್ತೆ ಬುಡ ಪಟ್ಟಿಗೆ ಬರೋ ಹಾಗೆ ಸರಿಸಿ, ವಾಪಸ್ ಬರುವಾಗಲೂ ಹಾಗೇ. ಎರಡೂ ಗೆರೆ ಸೇರಿಸಿದ್ರೆ ಗುಣಾಕಾರ ಚಿಹ್ನೆ ಆಗುತ್ತೆ. 3 ಇಂಚಿನ ಪಟ್ಟಿ ಕೊಂಡರೆ ಈ ಕಸರತ್ತು ಬೇಕಿಲ್ಲ, ಬಾಯಿ ಬಾಗಿರೋ ಕತ್ತಿಗಳಿಗೆ ಮಾತ್ರ ಆಗಲೂ ಬೇಕೇ ಬೇಕು.

ಮುಂಜಾನೆ_ನೊರೆ:
ಇವತ್ತಿಂದ ಓರೆ ಎಳೆದರೆ ಮೊನೆ ತಾನೇ ಸರಿ ಹೋಗುತ್ತಾ?

ಸಾಣೆಕಲ್ಲು:
ಬಿಳಿ ಗೆರೆ ಬಂದ ಮೇಲೆ ಬರೀ ಚರ್ಮಕ್ಕೆ ಬಗ್ಗಲ್ಲ. ಕೊನೇ ಕಲ್ಲಿಗೆ ಒಮ್ಮೆ ಹಾಕಿ, 12000 ನಂಬರಿನದ್ದು (ನಂಬರ್ ಹೆಚ್ಚಾದಷ್ಟೂ ಕಲ್ಲು ನುಣುಪು). ಮೇಲೆ ನೀರು ಚಿಮುಕಿಸಿ, ಈಗ ಬಾಯಿ ಮುಂದೆ, ಬೆನ್ನು ಹಿಂದೆ, ಅಂದ್ರೆ ಪಟ್ಟಿಗೆ ಉಲ್ಟಾ. ಬೆನ್ನೂ ಬಾಯಿಯೂ ಎರಡೂ ಕಲ್ಲಿಗೆ ತಾಗಿರಲಿ. ಹೋಗಿ ಬಂದದ್ದು ಒಂದು ಅಂತ ಲೆಕ್ಕ ಹಾಕಿ 15ರಿಂದ 20. ಬಾಯಿಯ ಮುಂದೆ ನೀರಿನ ಅಲೆ ಒಂದೇ ಸಮ ಏರಿ ಬರಬೇಕು. ಎಲ್ಲಿ ಅಲೆ ತಪ್ಪುತ್ತೋ ಅಲ್ಲಿ ಕಲ್ಲು ತಾಗ್ತಿಲ್ಲ. ಆಗಲೂ ಗೆರೆ ಹೋಗದಿದ್ರೆ 8000ಕ್ಕೆ ಇಳೀರಿ, 1000ಕ್ಕೆ ಇಳೀಬೇಡಿ. ಮುಕ್ಕಾಗಿದ್ದಾಗ, ಬೆವೆಲ್ಲೇ ಹೋಗಿದ್ದಾಗ ಮಾತ್ರ 1000. ಅದು ಸುಮ್ಮನೆ ಕತ್ತಿಯ ಆಯುಷ್ಯ ತಿನ್ನುತ್ತೆ.

ಬೆವೆಲ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬಳಿದು ಎರಡು ಸಲ ಎಳೆದು ನೋಡಿ. ಶಾಯಿ ತುದಿವರೆಗೂ ಅಳಿಸಿದ್ರೆ ಸರಿ. ಬೆನ್ನಿನ ಕಡೆಯ ಅಂಚಲ್ಲಿ ಮಾತ್ರ ಅಳಿಸಿದ್ರೆ ಕಲ್ಲು ಬಾಯಿಗೆ ತಾಗೇ ಇಲ್ಲ.

ಹೊಸಬ_ಹಾಸನ:
ಕಲ್ಲು 12000 ಅಂದ್ರೆ ಸಾವಿರಾರು ರೂಪಾಯಿ ಆಗುತ್ತಲ್ಲ ಗುರು. ಬೇರೆ ದಾರಿ?

ಉಕ್ಕಿನ_ಹುಚ್ಚು:
ಲ್ಯಾಪಿಂಗ್ ಫಿಲ್ಮ್, ಅಂದ್ರೆ ತೀರಾ ನುಣುಪಾದ ಮಸೆಯೋ ಹಾಳೆ. 3 ಮೈಕ್ರಾನ್, 1 ಮೈಕ್ರಾನ್, 0.3 ಮೈಕ್ರಾನ್ ಹಾಳೆಗಳು. 10 ಅಥವಾ 12 ಮಿ.ಮೀ. ದಪ್ಪದ ಗಾಜಿನ ತುಂಡು ಅಂಗಡೀಲಿ ಕತ್ತರಿಸಿ ಅಂಚು ಉಜ್ಜಿಸಿಕೊಳ್ಳಿ, ನೀರು ಹಾಕಿ ಹಾಳೆ ಅಂಟಿಸಿ. ಅಡಿಯಲ್ಲಿ ಒಂದು ಮರಳಿನ ಕಣ ಸಿಕ್ಕಿದ್ರೂ ಅಲ್ಲಿ ಗುಬುಟು ಏಳುತ್ತೆ, ಕತ್ತಿಗೆ ಮುಕ್ಕು ಗ್ಯಾರಂಟಿ. ಅಡುಗೆಮನೆಯ ಗ್ರಾನೈಟ್ ಕಟ್ಟೆ ಮೇಲೆ ಮಾಡೋಣ ಅಂದುಕೋಬೇಡಿ, ನೋಡೋಕೆ ಸಪಾಟು, ಸ್ಕೇಲ್ ಇಟ್ಟರೆ ಗೊತ್ತಾಗುತ್ತೆ.

ಕಲ್ಲು ಕೊಂಡವರಿಗೂ ಅದೇ ಮಾತು: ಹೊಸ ಕಲ್ಲು ಸಪಾಟು ಇರುತ್ತೆ ಅನ್ನೋ ನಂಬಿಕೆ ಬೇಡ. ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಹಾಕಿ, 325 ನಂಬರಿನ ಡೈಮಂಡ್ ಪ್ಲೇಟಲ್ಲಿ ನೀರು ಹಾಕಿ ಉಜ್ಜಿ, ಎಲ್ಲ ಗೆರೆ ಒಟ್ಟಿಗೆ ಹೋಗೋವರೆಗೂ.

ಹೊಸಬ_ಹಾಸನ:
ನಮ್ಮ ಬೀದಿಗೆ ಸೈಕಲ್ ಮೇಲೆ ಸಾಣೆಯವರು ಬರ್ತಾರೆ, ಅವರಿಗೆ ಕೊಟ್ರೆ?

ಹುಬ್ಬಳ್ಳಿ_ಹರಿತ:
ಬ್ಯಾಡ್ರಿಯಪ್ಪ! ಅವರ ಚಕ್ರ ಕುಡಗೋಲು, ಈಳಿಗಿ, ಕತ್ರಿಗೆ. ಫುಲ್ ಹಾಲೋ ಅಲಗು ಬಾಯಿ ಹತ್ರ ಕಾಗದದಂಗ ತೆಳ್ಳಗ ಇರ್ತದ, ಒಣ ಚಕ್ರಕ್ಕ ಮುಟ್ಟಿದ ಕೂಡ್ಲೆ ಕಾಯ್ತದ. ಈ ಉಕ್ಕಿಗಿ ಹದ ಕೊಟ್ಟಿದ್ದು 200 ಡಿಗ್ರಿ ಆಸುಪಾಸಿನಾಗ. ಬಾಯಾಗ ನೀಲಿ ಬಣ್ಣ ಕಂಡಿತು ಅಂದ್ರ 300 ಹತ್ರ ಹೋಗೇತಿ, ಆ ಜಾಗದ ಹದ ಹೋತು. ಆಮ್ಯಾಲ ಯಾವ ಕಲ್ಲಿಗಿ ಹಾಕಿದ್ರೂ ಹರಿತ ನಿಲ್ಲಂಗಿಲ್ಲ.

ಹೊಸಬ_ಹಾಸನ:
ಬೆನ್ನಿಗೆ ಟೇಪ್ ಹಾಕಿ ಮಸೀಬೇಕು ಅಂತಾರಲ್ಲ?

ಸಾಣೆಕಲ್ಲು:
ಬೆನ್ನೇ ಕೋನ ಹಿಡಿಯೋ ಸಾಧನ, ಹಾಗಾಗಿ ಲೆಕ್ಕ ಸುಲಭ. ಬೆನ್ನಿನ ದಪ್ಪ 4.5 ಮಿ.ಮೀ., ಬೆನ್ನಿಂದ ಬಾಯಿಗೆ 16 ಮಿ.ಮೀ. ಇದ್ರೆ ಒಟ್ಟು ಕೋನ 16 ಡಿಗ್ರಿ ಚಿಲ್ಲರೆ. 0.15 ಮಿ.ಮೀ. ದಪ್ಪದ ಎಲೆಕ್ಟ್ರಿಕ್ ಟೇಪ್ ಬೆನ್ನಿನ ಎರಡೂ ಬದಿಗೆ ಬಂದರೆ 17 ಚಿಲ್ಲರೆ. ಒಂದು ಡಿಗ್ರಿಯಿಂದ ಮುಖಕ್ಕೇನೂ ಗೊತ್ತಾಗಲ್ಲ. ಚಿನ್ನದ ಕೆತ್ತನೆ ಇರೋ ಬೆನ್ನು ಉಳಿಸಬೇಕಿದ್ರೆ ಹಾಕಿ. ಆದ್ರೆ ಒಮ್ಮೆ ಟೇಪ್ ಹಾಕಿ ಮಸೆದರೆ ಮುಂದಿನ ಸಲವೂ ಹಾಕಬೇಕು, ಇಲ್ಲಾಂದ್ರೆ ಕಲ್ಲು ತುದಿ ಮುಟ್ಟೋದೇ ಇಲ್ಲ. 12000 ಕಲ್ಲಲ್ಲಿ ದಿನವಿಡೀ ಉಜ್ಜಿ ‘ಯಾಕೆ ಹರಿತ ಬರ್ತಿಲ್ಲ’ ಅಂತ ಕೇಳೋರಲ್ಲಿ ಅರ್ಧ ಜನ ಇದೇ ಗಿರಾಕಿಗಳು.

ಗಡ್ಡಪ್ಪ:
ಕತ್ತಿಗೆ ರಜೆ ಕೊಡಬೇಕಂತೆ, ಒಂದಿನ ಬಿಟ್ಟು ಒಂದಿನ ಬಳಸಿದ್ರೆ ಬಾಯಿ ತಾನೇ ನೆಟ್ಟಗಾಗುತ್ತಂತೆ. ಅದಕ್ಕೇ ಹಿಂದೆ ಸಾಹೇಬರು ಏಳು ಕತ್ತಿಯ ಪೆಟ್ಟಿಗೆ ಇಟ್ಕೊಳ್ತಿದ್ರು, ಬೆನ್ನಿನ ಮೇಲೆ ವಾರದ ಹೆಸರು ಕೆತ್ತಿ.

ಉಕ್ಕಿನ_ಹುಚ್ಚು:
ಪೆಟ್ಟಿಗೆ ನಿಜ, ರಜೆ ಕಥೆ. ಗಟ್ಟಿ ಉಕ್ಕು ಕೂತಲ್ಲೇ ನೆಟ್ಟಗಾಗಲ್ಲ. ಲಾಭ ಇರೋದು ಒಣಗೋಕೆ ಸಮಯ ಸಿಗುತ್ತೆ ಅನ್ನೋದರಲ್ಲಿ. ಸರಿಯಾಗಿ ಒರೆಸಿದ ಒಂದೇ ಕತ್ತಿ ದಿನಾ ನಡೆಯುತ್ತೆ.

ಕರಾವಳಿ_ಕಿಟ್ಟ:
ಒರೆಸುವ ವಿಷಯ ಬಂದ ಕಾರಣ ಹೇಳ್ತೇನೆ. ಘಟ್ಟದ ಕೆಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಮೊಂಡಾಗುವುದು ಗಡ್ಡದಿಂದ ಅಲ್ಲ, ತುಕ್ಕಿನಿಂದ. ಕ್ಷೌರ ಮುಗಿದ ಕೂಡ್ಲೆ ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಟ್ಟೆಯ ಪಟ್ಟಿಯಲ್ಲಿ 10 ಸಲ ಎಳೆಯಿರಿ. ಅದು ಹರಿತಕ್ಕಲ್ಲ, ಬಾಯಿಯ ತೇವ ತೆಗೆಯಲಿಕ್ಕೆ. ಹಿಡಿಯ ಕೀಲಿನ ಹತ್ತಿರ ನೀರು ನಿಲ್ತದೆ, ಟಿಶ್ಯೂ ತುದಿ ತುರುಕಿ ತೆಗೆಯಿರಿ. ಮತ್ತೆ ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್, ಇಲ್ಲದಿದ್ದರೆ ಹೊಲಿಗೆ ಮೆಶಿನ್ನಿನ ಎಣ್ಣೆ, ಒಂದು ಹನಿ ಸಾಕು. ತೆಂಗಿನೆಣ್ಣೆ ಬೇಡ ಮಾರಾಯ್ರೆ, ನಮ್ಮೂರಿನದ್ದೇ ಆದರೂ ಬೇಡ. ದಿನ ಕಳೆದ ಹಾಗೆ ಅದು ಕಮಟು ಹಿಡೀತದೆ.

ಕತ್ತಿ ಬಚ್ಚಲಲ್ಲಿ ಇಡಬೇಡಿ, ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲೂ ಬೇಡ. ಹಳೆಯ ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಹಿಡಿ ಇದ್ದರೆ ಇನ್ನೂ ಜಾಗ್ರತೆ. ಅದು ಕೊಳೆಯಲು ಶುರುವಾದರೆ ಆಮ್ಲದ ಹಬೆ ಬಿಟ್ಟು ತನ್ನ ಅಲಗನ್ನೂ ಪಕ್ಕದ ಕತ್ತಿಯನ್ನೂ ತಿನ್ತದೆ. ಪಟ್ಟಿಗೆ ಬೂಷ್ಟು ಬಂದರೆ ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ತೂಗುಹಾಕಿ, ಬಿಸಿಲಿಗೆ ಹಾಕಿದರೆ ಚರ್ಮ ಸೆಟೆದು ಮುದುಡ್ತದೆ. ದಿನಾ ಅಂಗೈಯಲ್ಲಿ ಉಜ್ಜಿದರೆ ಬೇರೆ ಎಣ್ಣೆ ಬೇಕಿಲ್ಲ, ಕೈಯ ಜಿಡ್ಡೇ ಸಾಕಾಗ್ತದೆ.

ಮಧುಗಿರಿ_ಮಂದಿ:
ವಿಷಯ ಬಿಟ್ಟು ಒಂದು ಮಾತು. ಸೋಲಿಂಗನ್ ಸೋಲಿಂಗನ್ ಅಂತೀರಲ್ಲ, ನಮ್ಮ ಮೈಸೂರು ಸೀಮೆ ಉಕ್ಕನ್ನ ಲಂಡನ್ನಿನ ಕತ್ತಿ ಕಸುಬಿನವರು ತರಿಸಿಕೊಳ್ತಿದ್ರು. ಜೇಮ್ಸ್ ಸ್ಟೊಡಾರ್ಟ್ ಅನ್ನೋರು ಅದರಲ್ಲಿ ಅಲಗು ಮಾಡಿ ಹೊಗಳಿದ್ದಾರೆ, ಮೈಕೆಲ್ ಫ್ಯಾರಡೆ ಜೊತೆ ಸೇರಿ 1820ರಲ್ಲಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಪ್ರಬಂಧ ಬರೆದಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಈ ಕಡೆ ತಿರುಗಾಡಿದಾಗ ಮೂಸೆಯಲ್ಲಿ ಉಕ್ಕು ಕಾಯಿಸೋದನ್ನ ನೋಡಿ ವಿವರವಾಗಿ ಬರೆದಿಟ್ಟಿದ್ದಾರೆ. ಇವತ್ತಿನ ರೇಜರಿನ ಉಕ್ಕೆಲ್ಲ ಅಲ್ಲಿಂದಲೇ ಹುಟ್ಟಿದ್ದು.

ಉಕ್ಕಿನ_ಹುಚ್ಚು:
ಕೊನೇ ವಾಕ್ಯ ಬಿಟ್ಟು ಉಳಿದದ್ದು ಒಪ್ಪಿದೆ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಮೂಸೆ ಉಕ್ಕು ಮಾಡಿದ್ದು 1740ರ ದಶಕದಲ್ಲಿ, ನಮ್ಮ ಉಕ್ಕಿನ ಮೇಲೆ ಜಾರ್ಜ್ ಪಿಯರ್ಸನ್ ಅವರ ಪ್ರಬಂಧ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಬಂದದ್ದು 1795ರಲ್ಲಿ. ರೇಜರ್ ಉಕ್ಕಿನ ವಂಶ ಹಂಟ್ಸ್‌ಮನ್ ಕಡೆಯದ್ದು. ನಮ್ಮದರಲ್ಲಿ ಇಂಗಾಲ ಶೇ. 1.5ರ ಹತ್ತಿರ, ಜಾಸ್ತಿ ಕಾಯಿಸಿ ಬಡಿದರೆ ಪುಡಿಯಾಗುತ್ತೆ. ಯುರೋಪಿನ ಕಮ್ಮಾರರಿಗೆ ಅದೇ ತಲೆನೋವಾಗಿತ್ತು.

ಮಧುಗಿರಿ_ಮಂದಿ:
ಹೊಗಳಿದ್ದಂತೂ ಹೌದಲ್ಲ, ಅಷ್ಟು ಸಾಕು ಬಿಡಿ.

ಹೊಸಬ_ಹಾಸನ:
ಮತ್ತೆ ಸಲೂನುಗಳಲ್ಲಿ ಈ ಕತ್ತಿ ಯಾಕಿಲ್ಲ? ಎಲ್ಲಾ ಕಡೆ ಅರ್ಧ ಬ್ಲೇಡ್ ಸಿಕ್ಕಿಸೋ ಹಿಡಿಕೆನೇ.

ಹುಬ್ಬಳ್ಳಿ_ಹರಿತ:
ಎಚ್‌ಐವಿ, ಹೆಪಟೈಟಿಸ್ ಬಿ. ಒಬ್ಬರ ರಕ್ತ ಇನ್ನೊಬ್ಬರಿಗಿ ತಾಗಬಾರದು. ಗಿರಾಕಿಗೊಂದು ಹೊಸ ಬ್ಲೇಡ್ ಹಾಕೋದು ಸುಲಭ, ಪ್ರತಿ ಸಲ ಕತ್ತಿಯನ್ನ ಆಟೋಕ್ಲೇವ್ ಮಾಡೋದು (ಒತ್ತಡದ ಹಬೆಯಾಗ ಕ್ರಿಮಿ ಕೊಲ್ಲೋದು) ಯಾರಿಗಿ ಆಗ್ತದ? ಮನ್ಯಾಗೂ ಒಬ್ಬರಿಗೊಂದೇ ಕತ್ತಿ. ಅಣ್ಣ ತಮ್ಮ ಅಂತ ಹಂಚಕೋಬ್ಯಾಡ್ರಿ, ಪಟ್ಟೀನೂ.

ಮುಂಜಾನೆ_ನೊರೆ:
ಮುಖ್ಯ ವಿಷಯಕ್ಕೆ ಬರೋಣ. ಪರಿಚಯದವರ 12000 ಕಲ್ಲಲ್ಲಿ 20 ಸಲ ಹಾಕಿದೆ, ಬಿಳಿ ಗೆರೆ ಹೋಯ್ತು. ಮಾರ್ಕರ್ ಶಾಯಿನೂ ಮೊನೆವರೆಗೆ ಅಳಿಸ್ತು. ಓರೆ ಎಳೆಯುವಾಗ ಪಟ್ಟಿಯ ಅಂಚಿಗೆ ಸಣ್ಣದಾಗಿ ಕಚ್ಚಿದೆ, ಅಕ್ಕಿಕಾಳಿನಷ್ಟು.

ಸಾಣೆಕಲ್ಲು:
ಅಂಚಿನಲ್ಲಿ ಕಚ್ಚಿದ್ದು ಚಿಂತೆ ಇಲ್ಲ. ಎದ್ದ ಚರ್ಮದ ಸಿಪ್ಪೆಯನ್ನ ಬ್ಲೇಡಿನಿಂದ ಸವರಿ ತೆಗೆದು, 400 ನಂಬರಿನ ಕಾಗದ ಒಂದು ಮರದ ತುಂಡಿಗೆ ಸುತ್ತಿ ಉಜ್ಜಿ. ಬೆರಳಲ್ಲಿ ಸವರಿದ್ರೆ ತಡೆ ಸಿಗಬಾರದು. ಪಟ್ಟಿಯ ನಡುವೆ ಆಳವಾಗಿ ಹೋಗಿದ್ರೆ ಮಾತ್ರ ಪಟ್ಟಿ ಬದಲಿಸಿ. ಕಚ್ಚೋದು ಯಾವಾಗಲೂ ತಿರುಗಿಸುವಾಗಲೇ: ಕತ್ತಿ ನಿಲ್ಲೋ ಮುಂಚೆ ಉರುಳಿಸಿರ್ತೀರಿ.

ಬಟ್ಟೆ ಪಟ್ಟಿ ಇಲ್ಲ ಅಲ್ವಾ ನಿಮ್ಮ ಹತ್ರ? ಮೊದಲು ಬಟ್ಟೆಗೆ 20, ಆಮೇಲೆ ಚರ್ಮಕ್ಕೆ 50. ಬಟ್ಟೆ ಕೊಳೆ, ಸೋಪು, ಶುರುವಿನ ತುಕ್ಕು ತೆಗೆಯುತ್ತೆ. ನೇರ ಚರ್ಮಕ್ಕೆ ಹೋದ್ರೆ ಆ ಕೊಳೆ ಚರ್ಮದಲ್ಲೇ ಕೂರುತ್ತೆ.

ಹೊಸಬ_ಹಾಸನ:
ಬಟ್ಟೆಗೆ ಹಳೇ ಕಾರಿನ ಸೀಟ್ ಬೆಲ್ಟ್ ನಡೆಯುತ್ತಾ?

ಕರಾವಳಿ_ಕಿಟ್ಟ:
ನಡೀತದೆ, ಆದರೆ ಅದು ಹತ್ತಿರ ಹತ್ತಿರ 2 ಇಂಚು ಮಾತ್ರ. ಮತ್ತೆ ಓರೆ ಎಳೆಯಬೇಕು. ಸೋಪಿನ ನೀರಿನಲ್ಲಿ ನೆನೆಸಿ ತಿಕ್ಕಿ, ವರ್ಷಗಟ್ಟಲೆಯ ಧೂಳು ಒಳಗೆ ಕೂತಿರ್ತದೆ, ಅದೇ ಮರಳುಕಾಗದದ ಕೆಲಸ ಮಾಡ್ತದೆ.

ಹುಬ್ಬಳ್ಳಿ_ಹರಿತ:
ಸೀಟ್ ಬೆಲ್ಟ್ ಯಾಕ್ರಿ, ಮಂಚಕ್ಕ ಹೆಣಿಯೋ ನವಾರು ಪಟ್ಟಿ ತಗೊಳ್ರಿ. ಹತ್ತೀದು, 3 ಇಂಚಿನ ಹತ್ರದ್ದು ನೋಡಿ ತಗೊಳ್ರಿ, ಮೀಟರ್ ಲೆಕ್ಕದಾಗ ಸಿಗ್ತದ. ನೈಲಾನ್ ನವಾರು ಕೊಟ್ರ ಬ್ಯಾಡ ಅನ್ರಿ. ಎರಡು ಸಲ ಕುದಿಸಿ ಗಂಜಿ ತೆಗೀರಿ, ಹಸಿ ಇದ್ದಾಗ ಭಾರ ಕಟ್ಟಿ ತೂಗಬಿಡ್ರಿ, ಇಲ್ಲಂದ್ರ ಸುರುಟಿಕೊಳ್ತದ. ಒಣಗಿದ ಮ್ಯಾಲ ಗಾಜಿನ ಬಾಟ್ಲಿಯಿಂದ ಒತ್ತಿ ಉಜ್ಜಿ ನುಣ್ಣಗ ಮಾಡ್ರಿ. ಅಂಚು ಹೊಲಿಯೋದಿದ್ರ ಗಂಟು ಹಿಂದಕ್ಕ ಬರಲಿ.

ಮುಂಜಾನೆ_ನೊರೆ:
ಚರ್ಮದ ಪಟ್ಟಿ ಹಿಂದೇನೇ ಅದೇ ಕೊಕ್ಕೆಗೆ ಹಾಕಬಹುದಾ?

ಹುಬ್ಬಳ್ಳಿ_ಹರಿತ:
ಹಾಕ್ರಿ. ಬಟ್ಟಿ ಚರ್ಮಕ್ಕಿಂತ ಅರ್ಧ ಇಂಚು ಉದ್ದ ಇರಲಿ, ಎಳೆದಾಗ ಒಂದಕ್ಕೊಂದು ತಾಗಬಾರದು.